'ಹೈ ಟೆನ್ಶನ್' ನೋಡಬೇಕಾ, ಅದರ ಬದಲು ಬೇರೆ ಏನಾದರೂ ನೋಡಬೇಕಾ?

ಒಳ್ಳೆಯ ವಿದೇಶಿ ಥ್ರಿಲ್ಲರ್‌ಗಳ ಪಟ್ಟಿ ಎಲ್ಲೇ ತೆಗೆದರೂ ಅದರಲ್ಲಿ 'ಹೈ ಟೆನ್ಶನ್' ಹೆಸರು ಬಂದೇ ಬರುತ್ತದೆ. 2003ರ ಫ್ರೆಂಚ್ ಸಿನಿಮಾ. ಮೂಲ ಹೆಸರು 'ಓತ್ ತಾನ್ಸಿಯೋಂ'. ನಿರ್ದೇಶಕ ಅಲೆಕ್ಸಾಂಡ್ರ್ ಅಜಾ. ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ, ಹಾಡಿಲ್ಲ, ಕಾಮಿಡಿ ಟ್ರ್ಯಾಕ್ ಇಲ್ಲ, ಶನಿವಾರ ರಾತ್ರಿ ಊಟ ಮುಗಿಸಿ ಕೂತವರಿಗೆ ಇನ್ನೇನು ಬೇಕು? ಒಂದು ಗಂಟೆಗೂ ಜಾಸ್ತಿ ಹೊತ್ತು ಹಾಗೇ ಅನ್ನಿಸುತ್ತದೆ. ಆಮೇಲೆ ಬರುತ್ತದೆ ಟ್ವಿಸ್ಟು, ಕಿವಿ ಮೇಲೆ ಇಷ್ಟು ದೊಡ್ಡ ಹೂವು.

ಕೆಟ್ಟ ಸಿನಿಮಾ ನೋಡಿದರೆ ಯಾರಿಗೂ ಬೇಜಾರಾಗುವುದಿಲ್ಲ, ಹತ್ತು ನಿಮಿಷಕ್ಕೇ ಆಫ್ ಮಾಡಿ ಮಲಗುತ್ತೇವೆ. ಮುಕ್ಕಾಲು ಭಾಗ ಬಹಳ ಚೆನ್ನಾಗಿದ್ದು ಕೊನೆಯಲ್ಲಿ ಕೈ ಕೊಡುವ ಸಿನಿಮಾನೇ ಸಿಟ್ಟು ತರಿಸೋದು. ಆದ್ದರಿಂದ ಅದನ್ನು ಒಂದು ಕಡೆ ಇಟ್ಟು, ಅದೇ ಜಾತಿಯ ಇನ್ನು ಕೆಲವನ್ನು ಇನ್ನೊಂದು ಕಡೆ ಇಟ್ಟು ನೋಡೋಣ. ಯಾರಿಗೆ ಯಾವುದು ಸರಿ ಹೋಗಬಹುದು ಅಂತ ನನಗೆ ಅನ್ನಿಸಿದ್ದನ್ನು ಹೇಳುತ್ತೇನೆ.

ಸ್ಪಾಯ್ಲರ್ ವಿಷಯ ಮೊದಲೇ ಹೇಳಿಬಿಡುತ್ತೇನೆ. 'ಹೈ ಟೆನ್ಶನ್' ಕಥೆಯನ್ನು ಪೂರ್ತಿ ಬಿಚ್ಚಿಡುತ್ತೇನೆ, ಬೇರೆ ದಾರಿಯಿಲ್ಲ. ಉಳಿದವುಗಳ ಕ್ಲೈಮ್ಯಾಕ್ಸ್ ಹೇಳುವುದಿಲ್ಲ. ಇದನ್ನೇ ಮೊದಲು ನೋಡಬೇಕು ಅಂತಿದ್ದರೆ ಇಲ್ಲಿಗೇ ನಿಲ್ಲಿಸಿ, ನೋಡಿ ಬನ್ನಿ.

ಮೊದಲು, ಏನು ಚೆನ್ನಾಗಿದೆ

ಕಥೆ ಸಣ್ಣದು. ಮರೀ ಮತ್ತು ಅಲೆಕ್ಸ್ ಕಾಲೇಜು ಗೆಳತಿಯರು. ಪರೀಕ್ಷೆಗೆ ಓದಿಕೊಳ್ಳೋಣ ಅಂತ ಅಲೆಕ್ಸ್‌ಳ ಅಪ್ಪ ಅಮ್ಮ ಇರುವ ಹಳ್ಳಿ ಮನೆಗೆ ಕಾರಿನಲ್ಲಿ ಬರುತ್ತಾರೆ. ಸುತ್ತ ಜೋಳದ ಹೊಲ, ಹತ್ತಿರದಲ್ಲಿ ಇನ್ನೊಂದು ಮನೆ ಕಾಣುವುದಿಲ್ಲ. ಆ ರಾತ್ರಿ ತುಕ್ಕು ಹಿಡಿದ ಹಳೇ ವ್ಯಾನೊಂದು ಬಂದು ಮನೆ ಮುಂದೆ ನಿಲ್ಲುತ್ತದೆ. ಅದರಿಂದ ದಪ್ಪ ಮೈಯ, ಕೊಳಕು ಬಟ್ಟೆಯ ಒಬ್ಬ ಗಂಡಸು ಇಳಿದು ಬಾಗಿಲು ತಟ್ಟುತ್ತಾನೆ. ಯಾರು, ಯಾಕೆ, ಏನೂ ಗೊತ್ತಿಲ್ಲ. ಮನೆಯವರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತಾನೆ, ಅಲೆಕ್ಸ್‌ಳನ್ನು ಸರಪಳಿಯಲ್ಲಿ ಕಟ್ಟಿ ವ್ಯಾನಿಗೆ ಹಾಕುತ್ತಾನೆ. ಮನೆಯಲ್ಲಿ ಇನ್ನೊಬ್ಬ ಹುಡುಗಿ ಇದ್ದಾಳೆ ಅನ್ನುವುದು ಅವನಿಗೆ ಗೊತ್ತಿಲ್ಲ.

ಅಷ್ಟೇ ಎಳೆ. ಆದರೆ ಅಜಾ ಅದನ್ನು ಎಳೆಯುವ ರೀತಿ ಇದೆಯಲ್ಲ, ಅದು ಪಕ್ಕಾ ಕೈ. ಕೊಲೆಗಾರ ಮೆಟ್ಟಿಲು ಹತ್ತುವ ಸದ್ದು ಕೇಳಿಸಿದಾಗ ಮರೀ ಕಿರುಚುವುದಿಲ್ಲ, ಓಡುವುದಿಲ್ಲ. ಹಾಸಿಗೆ ಸರಿ ಮಾಡುತ್ತಾಳೆ, ತನ್ನ ಸಾಮಾನೆಲ್ಲ ಮರೆ ಮಾಡುತ್ತಾಳೆ, ಈ ಕೋಣೆಯಲ್ಲಿ ಯಾರೂ ಇಳಿದುಕೊಂಡಿಲ್ಲ ಅನ್ನಿಸುವ ಹಾಗೆ ಮಾಡಿ ಮಂಚದ ಕೆಳಗೆ ತೂರಿಕೊಳ್ಳುತ್ತಾಳೆ. ಇಂಥ ಬುದ್ಧಿವಂತ ನಾಯಕಿಯನ್ನು ನೋಡಿದಾಗ ನಾವು ಅವಳ ಪಕ್ಷ ಆಗಿಬಿಡುತ್ತೇವೆ. ಆಮೇಲೆ ಬಟ್ಟೆ ಬೀರುವಿನ ಸಂದಿಯಿಂದ ಅವಳು ನೋಡುವ ದೃಶ್ಯ, ಪೆಟ್ರೋಲ್ ಬಂಕಿನ ಟಾಯ್ಲೆಟ್‌ನಲ್ಲಿ ಅವನು ಒಂದೊಂದೇ ಬಾಗಿಲು ತೆಗೆಯುತ್ತಾ ಬರುವ ದೃಶ್ಯ. ಮಾತು ತೀರಾ ಕಡಿಮೆ. ಉಸಿರು, ಹೆಜ್ಜೆ, ಬಾಗಿಲ ಕಿರುಗುಟ್ಟುವಿಕೆ, ಇಷ್ಟರಲ್ಲೇ ಕೆಲಸ ನಡೆಯುತ್ತದೆ. ಮರೀ ಪಾತ್ರ ಮಾಡಿದ ಸೆಸೀಲ್ ದ ಫ್ರಾನ್ಸ್ ಬೆಲ್ಜಿಯಂ ನಟಿ, ಹೆಚ್ಚು ಕಡಿಮೆ ಇಡೀ ಸಿನಿಮಾ ಅವರ ಮುಖದ ಮೇಲೇ ನಡೆಯುತ್ತದೆ. ಕೊಲೆಗಾರನಾಗಿ ಫಿಲಿಪ್ ನಾಓಂ, ಅವರು ಸುಮ್ನೆ ನಿಂತರೂ ಭಯ ಆಗುತ್ತದೆ.

ರಕ್ತ ಮಾತ್ರ ವಿಪರೀತ. ಮೇಕಪ್ ಕೆಲಸ ಇಟಲಿಯ ಜಾನೆಟ್ಟೊ ದೆ ರೊಸ್ಸಿ ಅವರದ್ದು, ಎಪ್ಪತ್ತು ಎಂಬತ್ತರ ದಶಕದ ಇಟಾಲಿಯನ್ ಹಾರರ್ ನೋಡಿದವರಿಗೆ ಈ ಕೈ ಗುರುತು ಸಿಗುತ್ತದೆ. ಸೈಕಲಾಜಿಕಲ್ ಥ್ರಿಲ್ಲರ್ ಅಂತ ನಂಬಿ ಮನೆಯವರನ್ನೆಲ್ಲ ಕೂರಿಸಿಕೊಂಡು ಹಾಕಿದಿರೋ, ಇಪ್ಪತ್ತೈದು ನಿಮಿಷದೊಳಗೆ ರೂಮು ಖಾಲಿ.

ಎಲ್ಲಿ ಕೈ ಕೊಟ್ಟಿತು

ಪೆಟ್ರೋಲ್ ಬಂಕಿನ ಕ್ಯಾಮೆರಾ ರೆಕಾರ್ಡಿಂಗನ್ನು ಪೊಲೀಸರು ನೋಡುತ್ತಾರೆ. ಬಂಕಿನ ಹುಡುಗನನ್ನು ಕೊಡಲಿಯಿಂದ ಕೊಲ್ಲುತ್ತಿರುವುದು ಆ ದಪ್ಪ ಗಂಡಸಲ್ಲ, ಮರೀ. ಅಂಥ ಗಂಡಸೇ ಇಲ್ಲ. ಅಲೆಕ್ಸ್ ಮೇಲೆ ಮರೀಗೆ ಹೇಳಿಕೊಳ್ಳಲಾಗದ ಆಸೆ, ಆ ಆಸೆಯೇ ಅವಳ ತಲೆಯೊಳಗೆ ಒಬ್ಬ ಕೊಲೆಗಾರನಾಗಿ ಎದ್ದು ನಿಂತಿದೆ. ಇಡೀ ಸಿನಿಮಾ ನಾವು ಯಾರಿಗಾಗಿ ಹೆದರಿದೆವೋ ಅವಳೇ ಕೊಲೆಗಾರ್ತಿ.

ಕೇಳೋಕೆ ಚೆನ್ನಾಗಿದೆ, ಅಲ್ವಾ? ಈಗ ಹಿಂದಕ್ಕೆ ಹೋಗಿ ಲೆಕ್ಕ ಹಾಕಿ. ಮರೀ ಮತ್ತು ಅಲೆಕ್ಸ್ ಇಬ್ಬರೂ ಕಾರಿನಲ್ಲಿ ಹಾಡು ಹೇಳಿಕೊಂಡು ಬರುತ್ತಿರುವ ಹೊತ್ತಿಗೇ ಬೇರೊಂದು ಜಾಗದಲ್ಲಿ ಆ ಗಂಡಸು ವ್ಯಾನಿನಲ್ಲಿ ಒಂದು ಅಸಹ್ಯ ಕೆಲಸ ಮಾಡುತ್ತಾ ಕೂತಿರುತ್ತಾನೆ. ಅಲ್ಲಿ ಮರೀ ಇಲ್ಲ. ಅವಳಿಗೆ ಅದು ಕಾಣುವ ಸಾಧ್ಯತೆಯೇ ಇಲ್ಲ. ಅದನ್ನು ನೋಡಿದ್ದು ನಾವು ಮಾತ್ರ. ಬಂಕಿನಿಂದ ಹೊರಟ ಮೇಲೆ ಮುಂದೆ ವ್ಯಾನು, ಹಿಂದೆ ಮರೀ ಓಡಿಸುವ ಕಾರು. ಎರಡು ಗಾಡಿ, ಓಡಿಸುವವಳು ಒಬ್ಬಳೇ. ವ್ಯಾನಿನ ಹಿಂಭಾಗದಲ್ಲಿ ಅಲೆಕ್ಸ್ ಪಕ್ಕ ಕೂತವಳೂ ಅವಳೇ, ಮುಂದೆ ಸ್ಟಿಯರಿಂಗ್ ಹಿಡಿದವಳೂ ಅವಳೇ. ಅಮೆರಿಕದ ಹೆಸರಾಂತ ವಿಮರ್ಶಕ ರೋಜರ್ ಈಬರ್ಟ್ ಇದಕ್ಕೆ ಒಂದೇ ಒಂದು ಸ್ಟಾರ್ ಕೊಟ್ಟರು, ಅವರ ತಕರಾರೂ ಈ ಟ್ವಿಸ್ಟಿನ ಮೇಲೇ.

ಇದನ್ನು ಸಮರ್ಥಿಸುವವರು ಒಂದು ಮಾತು ಹೇಳುತ್ತಾರೆ. ಸಿನಿಮಾ ಶುರುವಾಗುವುದೇ ಆಸ್ಪತ್ರೆಯಲ್ಲಿ, ಗಾಯಗೊಂಡ ಮರೀ ಕೂತಿದ್ದಾಳೆ, ಅಂದರೆ ನಾವು ನೋಡಿದ್ದೆಲ್ಲ ಅವಳು ಹೇಳುತ್ತಿರುವ ಕಥೆ, ಕಥೆ ಹೇಳುವವಳ ತಲೆಯೇ ಸರಿಯಿಲ್ಲದಿದ್ದಾಗ ವ್ಯಾನು ಎಷ್ಟು ಕಾರು ಎಷ್ಟು ಅಂತ ಲೆಕ್ಕ ಕೇಳಬಾರದು ಅಂತ. ಸರಿ, ಒಪ್ಪೋಣ. ಹಾಗಾದರೆ ಮಂಚದ ಕೆಳಗೆ ಉಸಿರು ಹಿಡಿದಿದ್ದು? ಅದೂ ಸುಳ್ಳು. ಬೀರುವಿನ ಸಂದಿಯಿಂದ ನೋಡಿದ್ದು? ಸುಳ್ಳು. ಅಲ್ಲಿ ನಿಜವಾಗಿ ಏನು ನಡೆಯಿತು ಅಂತ ನಾವು ಮನಸ್ಸಿನಲ್ಲಿ ಹೊಸದಾಗಿ ಕಟ್ಟಿಕೊಳ್ಳಬೇಕು, ಸಿನಿಮಾ ಅದಕ್ಕೆ ಏನೂ ಸಹಾಯ ಮಾಡುವುದಿಲ್ಲ. ಯಾವ ದೃಶ್ಯಗಳು ಚೆನ್ನಾಗಿದ್ದವೋ ಅವನ್ನೇ ಟ್ವಿಸ್ಟ್ ತಿಂದು ಹಾಕುತ್ತದೆ. ನನ್ನ ಸಿಟ್ಟು ಲಾಜಿಕ್ ತಪ್ಪಿದ್ದಕ್ಕಿಂತ ಇದರ ಮೇಲೆ ಜಾಸ್ತಿ.

ಇನ್ನೂ ಒಂದಿದೆ. ಒಬ್ಬ ಹುಡುಗಿ ಇನ್ನೊಬ್ಬ ಹುಡುಗಿಯನ್ನು ಇಷ್ಟಪಟ್ಟಿದ್ದಕ್ಕೆ ಒಂದು ಕುಟುಂಬವನ್ನೇ ಕತ್ತರಿಸಿ ಹಾಕಿದಳು ಅನ್ನುವುದು ಕಾರಣವೇ ಅಲ್ಲ. ಬೇರೇನೂ ಹೊಳೆಯದೆ ತುರುಕಿದ ಹಾಗಿದೆ.

ಮನಸ್ಸು ಒಡೆದವರ ಕಥೆ ಹೇಳೋದು ಹೇಗೆ ಅಂತ ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ ಬಿಡಿ. 'ಆಪ್ತಮಿತ್ರ' 2004ರಲ್ಲಿ ಬಂತು, 'ಹೈ ಟೆನ್ಶನ್' ಆದ ಮರು ವರ್ಷ. ಅದರ ಮೂಲ ಮಲಯಾಳಂ ಸಿನಿಮಾ 1993ರದ್ದು. ಗಂಗಾಳ ವಿಷಯ ಡಾಕ್ಟರ್ ವಿಜಯ್ ಬಿಡಿಸಿ ಹೇಳುವಾಗ ನಮಗೆ ಹಿಂದಿನ ದೃಶ್ಯಗಳೆಲ್ಲ ನೆನಪಾಗಿ, ಹೌದಲ್ಲ ಅನ್ನಿಸುತ್ತದೆ. ಆ ಸೂಚನೆಗಳು ಅಲ್ಲೇ ಇದ್ದವು, ನಾವೇ ಗಮನಿಸಿರಲಿಲ್ಲ. 'ಹೈ ಟೆನ್ಶನ್' ಎರಡನೇ ಸಲ ನೋಡಿದರೆ ಹೌದಲ್ಲ ಅನ್ನಿಸುವುದಿಲ್ಲ, ಅದು ಹೇಗೆ ಸಾಧ್ಯ ಅನ್ನಿಸುತ್ತದೆ.

ಹಾಗಾಗಿ ಮುಂದಿನವನ್ನೆಲ್ಲ ನಾನು ಅಳೆದಿರುವುದು ಒಂದೇ ಕೋಲಿನಿಂದ. ಕೊನೆ ಗೊತ್ತಾದ ಮೇಲೆ ಮತ್ತೆ ನೋಡಿದರೆ ಸಿನಿಮಾ ನಿಲ್ಲುತ್ತದಾ, ಬೀಳುತ್ತದಾ?

ಅದೇ ವರ್ಷ, ಅದೇ ಆಟ: 'ಎ ಟೇಲ್ ಆಫ್ ಟೂ ಸಿಸ್ಟರ್ಸ್'

ಇದೂ 2003ರದ್ದೇ. ಕೊರಿಯಾದ ಸಿನಿಮಾ, ನಿರ್ದೇಶಕ ಕಿಮ್ ಜೀ ವೂನ್. ಇದೂ ಶುರುವಾಗುವುದು ಆಸ್ಪತ್ರೆಯಲ್ಲಿ, ಡಾಕ್ಟರ್ ಮುಂದೆ ಒಬ್ಬ ಹುಡುಗಿ ತಲೆ ತಗ್ಗಿಸಿ ಕೂತಿದ್ದಾಳೆ. ಹೊರಗಿನಿಂದ ನೋಡಿದರೆ ಎರಡೂ ಸಿನಿಮಾಗಳು ಕಥೆ ಕಟ್ಟುವ ರೀತಿ ಒಂದೇ. ಆದ್ದರಿಂದಲೇ ಹೋಲಿಸೋಕೆ ಇದಕ್ಕಿಂತ ಒಳ್ಳೆ ಜೋಡಿ ಸಿಗುವುದಿಲ್ಲ.

ಅಕ್ಕ ತಂಗಿ ಇಬ್ಬರೂ ಊರಾಚೆಯ ದೊಡ್ಡ ಮನೆಗೆ ವಾಪಸ್ ಬರುತ್ತಾರೆ. ಅಲ್ಲಿ ಮಾತು ಕಡಿಮೆಯ ಅಪ್ಪ, ಅತಿಯಾಗಿ ನಗುವ ಮಲತಾಯಿ. ಜಾನ್ಹ್ವಾ ಮತ್ತು ಹಾಂಗ್ರ್ಯೊನ್ ಅನ್ನುವ ಅಕ್ಕ ತಂಗಿಯರ ಹಳೇ ಜನಪದ ಕಥೆ ಕೊರಿಯಾದಲ್ಲಿ ಎಲ್ಲರಿಗೂ ಗೊತ್ತು, ಹಲವು ಸಲ ಸಿನಿಮಾ ಆಗಿದೆ, ಇದರ ಬೇರೂ ಅದೇ. ಮಲತಾಯಿ ಕಾಟದ ಕಥೆ ಅಂದರೆ ನಮಗೂ ಹೊಸದೇನಲ್ಲ. ಮನೆಯ ಗೋಡೆ ತುಂಬಾ ಹೂವಿನ ಚಿತ್ರದ ಕಾಗದ, ಕಡು ಹಸಿರು, ಕಡು ಕೆಂಪು, ನೋಡುತ್ತಾ ನೋಡುತ್ತಾ ಉಸಿರುಗಟ್ಟುವ ಹಾಗೆ. ಭಯ ನಿಧಾನಕ್ಕೆ ಏರುತ್ತದೆ.

ಟ್ವಿಸ್ಟ್ ಹೇಳುವುದಿಲ್ಲ. ಇಷ್ಟು ಮಾತ್ರ: ಅಪ್ಪ ಯಾರ ಮಾತಿಗೆ ಉತ್ತರ ಕೊಡುತ್ತಾನೆ, ಯಾರ ಮಾತಿಗೆ ಇಲ್ಲ ಅನ್ನುವುದರ ಮೇಲೆ ಕಣ್ಣಿಡಿ. ಊಟಕ್ಕೆ ನೆಂಟರು ಬಂದಾಗ ಅವರು ಮಲತಾಯಿಯನ್ನು ನೋಡುವ ರೀತಿ ನೋಡಿ. ಮೊದಲ ಸಲ ಇದೆಲ್ಲ ಏನೋ ಇರುಸುಮುರುಸು ಅಂತ ಬಿಟ್ಟಿರುತ್ತೀರಿ. ಎರಡನೇ ಸಲ ಅದೇ ದೃಶ್ಯ ಪೂರ್ತಿ ಬೇರೆಯಾಗಿ ಕಾಣುತ್ತದೆ, ಆದರೂ ಒಂದು ನೋಟವೂ ತಪ್ಪಾಗಿ ಕೂತಿಲ್ಲ. ಜೊತೆಗೆ ಕಾರಣವೂ ಇದೆ. ಯಾಕೆ ಹೀಗಾಯಿತು ಅಂತ ಕೊನೆಯಲ್ಲಿ ಗೊತ್ತಾದಾಗ ಭಯದ ಜಾಗದಲ್ಲಿ ದುಃಖ ಬರುತ್ತದೆ. ಆ ದುಃಖ ಮರುದಿನವೂ ಇರುತ್ತದೆ.

ದೂರೂ ಇದೆ. ನಡುವಿನ ಕೆಲವು ದೃಶ್ಯ ಬೇಕಂತಲೇ ಗೋಜಲು ಮಾಡಿದ್ದಾರೆ, ದೆವ್ವ ಇದೆಯೋ ಇಲ್ಲವೋ ಅನ್ನುವುದಕ್ಕೆ ಸಿನಿಮಾ ಎರಡೂ ಕಡೆ ಕಾಲಿಡುತ್ತದೆ. ಮುಗಿದ ಮೇಲೆ ಯಾರಾದರೂ ಒಬ್ಬರು ಏನಾಯ್ತು ಈಗ ಅಂತ ಕೇಳೇ ಕೇಳುತ್ತಾರೆ. ಹಾಗಿದ್ದರೂ 'ಹೈ ಟೆನ್ಶನ್' ಟ್ವಿಸ್ಟ್ ಬಗ್ಗೆ ಕೇಳಿ ಆಸೆಪಟ್ಟು ಅದನ್ನು ನೋಡೋಕೆ ಹೊರಟವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ. 2009ರಲ್ಲಿ ಅಮೆರಿಕದವರು ಇದನ್ನು 'ದಿ ಅನ್‌ಇನ್‌ವೈಟೆಡ್' ಅಂತ ಮಾಡಿದರು. ಕೊರಿಯನ್ ಇರುವಾಗ ಅದು ಬೇಕಿಲ್ಲ.

ಪೆಟ್ರೋಲ್ ಬಂಕಿನ ಇನ್ನೊಂದು ಕಥೆ: 'ಸ್ಪೋರ್ಲೋಸ್'

ನಿಮಗೆ 'ಹೈ ಟೆನ್ಶನ್'ನಲ್ಲಿ ಇಷ್ಟವಾಗಬಹುದಾದದ್ದು ಒಂಟಿ ರಸ್ತೆ, ಅಪರಿಚಿತ ಗಂಡಸು, ಏನಾಗುತ್ತದೋ ಅನ್ನುವ ಒತ್ತಡ ಅಂತಾದರೆ, ರಕ್ತ ಇಲ್ಲದೆ ಅದನ್ನೆಲ್ಲ ಕೊಡುವ ಸಿನಿಮಾ ಇದು. 1988ರದ್ದು, ಡಚ್ ಮತ್ತು ಫ್ರೆಂಚ್ ಎರಡೂ ಭಾಷೆ ಕೇಳಿಸುತ್ತದೆ, ಇಂಗ್ಲಿಷಿನಲ್ಲಿ 'ದಿ ವ್ಯಾನಿಶಿಂಗ್'. ನಿರ್ದೇಶಕ ಜಾರ್ಜ್ ಸ್ಲೌಜರ್. ಟಿಮ್ ಕ್ರಾಬೆ 1984ರಲ್ಲಿ ಬರೆದ ಪುಟ್ಟ ಕಾದಂಬರಿಯಿಂದ ಬಂದದ್ದು.

ರೆಕ್ಸ್ ಮತ್ತು ಸಸ್ಕಿಯಾ ರಜೆಗೆ ಅಂತ ಫ್ರಾನ್ಸಿಗೆ ಕಾರಿನಲ್ಲಿ ಹೋಗುತ್ತಿರುತ್ತಾರೆ. ಹೆದ್ದಾರಿಯ ಬಂಕಿನಲ್ಲಿ ನಿಲ್ಲಿಸುತ್ತಾರೆ, ಹಗಲು ಹೊತ್ತು, ಜನ ಜಾತ್ರೆ, ಮಕ್ಕಳ ಗಲಾಟೆ. ಕುಡಿಯೋಕೆ ಏನಾದರೂ ತರುತ್ತೇನೆ ಅಂತ ಸಸ್ಕಿಯಾ ಒಳಗೆ ಹೋಗುತ್ತಾಳೆ. ವಾಪಸ್ ಬರುವುದಿಲ್ಲ. ಮೂರು ವರ್ಷ ಕಳೆದರೂ ರೆಕ್ಸ್ ಹುಡುಕುತ್ತಲೇ ಇದ್ದಾನೆ. ಅವಳು ಬದುಕಿರಲಿ ಅನ್ನುವ ಆಸೆ ಹೋಗಿ, ಏನಾಯಿತು ಅಂತ ಗೊತ್ತಾದರೆ ಸಾಕು ಅನ್ನುವ ಹಂತಕ್ಕೆ ಬಂದಿದ್ದಾನೆ.

ಮಜಾ ಏನೆಂದರೆ ಯಾರು ಮಾಡಿದ್ದು ಅಂತ ಸಿನಿಮಾ ಬೇಗನೇ ತೋರಿಸಿಬಿಡುತ್ತದೆ. ರೇಮಂಡ್ ಅಂತ ಒಬ್ಬ ಮೇಷ್ಟ್ರು. ಕೆಮಿಸ್ಟ್ರಿ ಪಾಠ ಮಾಡುತ್ತಾನೆ, ಹೆಂಡತಿ, ಇಬ್ಬರು ಹೆಣ್ಣು ಮಕ್ಕಳು, ನೆಟ್ಟಗಿನ ಸಂಸಾರ. ಅವನು ಈ ಕೆಲಸಕ್ಕೆ ತಯಾರಾಗುವುದನ್ನು ನಾವು ನೋಡುತ್ತೇವೆ, ಅದೂ ಯಾವುದೋ ಪ್ರಯೋಗಕ್ಕೆ ತಯಾರಾಗುವವನ ಹಾಗೆ. ತನ್ನ ನಾಡಿ ಎಣಿಸಿಕೊಳ್ಳುತ್ತಾನೆ, ಕ್ಲೋರೋಫಾರ್ಮ್ ಎಷ್ಟು ಹೊತ್ತು ಕೆಲಸ ಮಾಡುತ್ತದೆ ಅಂತ ನೋಡಿಕೊಳ್ಳುತ್ತಾನೆ, ಹಳ್ಳಿ ಮನೆಯಿಂದ ಕಿರುಚಿದರೆ ಅಕ್ಕಪಕ್ಕದವರಿಗೆ ಕೇಳಿಸುತ್ತದಾ ಅಂತಲೂ ಪರೀಕ್ಷೆ ಮಾಡುತ್ತಾನೆ. ತಾಲೀಮಿನಲ್ಲಿ ಎಡವಟ್ಟು ಮಾಡಿಕೊಂಡು ನಗೆಪಾಟಲಾಗುವ ದೃಶ್ಯಗಳೂ ಇವೆ. ನಗು ಬರುತ್ತದೆ, ನಕ್ಕಿದ್ದಕ್ಕೆ ನಮಗೇ ಮುಜುಗರ ಆಗುತ್ತದೆ. ಬೆರ್ನಾರ್ ಪಿಯೇರ್ ದೊನಾದಿಯು ಮಾಡಿದ ಈ ಪಾತ್ರದ ಮುಂದೆ ವ್ಯಾನಿನ ಆ ಕೊಳಕು ದೈತ್ಯ ಬರೀ ಬೊಂಬೆ.

ಮುಚ್ಚಿಡೋಕೆ ಗುಟ್ಟೇ ಕಡಿಮೆ ಇರುವಾಗ ಮೋಸ ಮಾಡುವ ಪ್ರಶ್ನೆಯೂ ಬರುವುದಿಲ್ಲ. ಉಳಿದಿರುವುದು ಒಂದೇ ಪ್ರಶ್ನೆ, ಅವಳಿಗೆ ಏನಾಯಿತು. ಉತ್ತರ ಸಿಗುತ್ತದೆ. ಸಿಕ್ಕ ಮೇಲೆ ಸಿಗದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತದೆ. ಇಕ್ಕಟ್ಟಾದ ಜಾಗ, ಕತ್ತಲೆ ಅಂದರೆ ಭಯ ಇರುವವರು ದಯವಿಟ್ಟು ರಾತ್ರಿ ನೋಡಬೇಡಿ, ಇದನ್ನು ತಮಾಷೆಗೆ ಹೇಳುತ್ತಿಲ್ಲ.

ಇದೇ ನಿರ್ದೇಶಕ 1993ರಲ್ಲಿ ಹಾಲಿವುಡ್‌ನಲ್ಲಿ ಇದೇ ಕಥೆ ಮತ್ತೆ ಮಾಡಿದರು. ಜೆಫ್ ಬ್ರಿಜಸ್, ಕೀಫರ್ ಸದರ್ಲೆಂಡ್, ಸ್ಯಾಂಡ್ರಾ ಬುಲಕ್ ಎಲ್ಲ ಇದ್ದಾರೆ. ಆದರೆ ಕೊನೆ ಬದಲಾಯಿಸಿದರು, ಜನಕ್ಕೆ ನೆಮ್ಮದಿ ಆಗುವ ಹಾಗೆ. ಅದೇ ಮನುಷ್ಯ, ಅದೇ ಕಥೆ, ಕೊನೆ ಒಂದು ಹೋಗಿದ್ದಕ್ಕೆ ಎಲ್ಲವೂ ಹೋಯಿತು. ಹುಡುಕುವಾಗ ಎರಡಕ್ಕೂ ಒಂದೇ ಇಂಗ್ಲಿಷ್ ಹೆಸರು ಬರುತ್ತದೆ, ಇಸವಿ ನೋಡಿ ಒತ್ತಿ.

ಮನೆಯವರೆಲ್ಲ ಕೂತು ನೋಡೋದಾದರೆ

ಎರಡು ಹೆಸರು. ಒಂದು ಹಳೇದು, ಒಂದು ಹೊಸದು.

ಹಳೇದು 'ಲೆ ದಿಯಾಬೊಲೀಕ್'. 1955, ಕಪ್ಪು ಬಿಳುಪು, ನಿರ್ದೇಶಕ ಆನ್ರಿ ಜಾರ್ಜ್ ಕ್ಲೂಜೊ. ಒಂದು ಬೋರ್ಡಿಂಗ್ ಶಾಲೆ. ಅದರ ಹೆಡ್‌ಮಾಸ್ಟರ್ ಪಕ್ಕಾ ರಾಕ್ಷಸ. ಅವನ ಹೆಂಡತಿಗೆ ಹೃದಯದ ಕಾಯಿಲೆ, ಅವನ ಪ್ರೇಯಸಿ ಅದೇ ಶಾಲೆಯ ಟೀಚರ್. ಇಬ್ಬರಿಗೂ ಅವನ ಹಿಂಸೆ ಸಾಕಾಗಿ, ಇಬ್ಬರೂ ಸೇರಿ ಅವನನ್ನು ಬಾತ್ ಟಬ್ಬಿನಲ್ಲಿ ಮುಳುಗಿಸಿ ಕೊಂದು ಶಾಲೆಯ ಈಜುಕೊಳಕ್ಕೆ ಹಾಕುತ್ತಾರೆ. ಕೆಲವು ದಿನ ಕಳೆದರೂ ಹೆಣ ತೇಲುವುದಿಲ್ಲ. ಕೊಳದ ನೀರು ಖಾಲಿ ಮಾಡಿಸಿದರೆ ಅಲ್ಲಿ ಹೆಣವೇ ಇಲ್ಲ.

ಹೆಂಡತಿಯ ಪಾತ್ರದಲ್ಲಿ ನಿರ್ದೇಶಕರ ಪತ್ನಿ ವೇರಾ ಕ್ಲೂಜೊ, ಟೀಚರ್ ಆಗಿ ಸಿಮೋನ್ ಸಿನ್ಯೋರೆ. ಹಿಚ್‌ಕಾಕ್ ಅವರ 'ಸೈಕೊ' ಬಂದಿದ್ದು ಇದಾದ 5 ವರ್ಷಕ್ಕೆ. ಕೊನೆ ಹೇಳಿ ಬೇರೆಯವರ ಮಜಾ ಹಾಳು ಮಾಡಬೇಡಿ ಅಂತ ಸಿನಿಮಾ ಮುಗಿದ ಮೇಲೆ ಪರದೆಯ ಮೇಲೇ ಬರೆದು ಕೇಳಿಕೊಂಡಿದ್ದಾರೆ, ಆದ್ದರಿಂದ ನಾನೂ ಬಾಯಿ ಮುಚ್ಚಿಕೊಳ್ಳುತ್ತೇನೆ. ಆದರೆ ನನ್ನ ಕೋಲಿನ ಲೆಕ್ಕದಲ್ಲಿ ಇದು ಫಸ್ಟ್ ಕ್ಲಾಸ್. ಆ ಹೆಂಡತಿ ಕಂಡಿದ್ದನ್ನು ನಾವೂ ಕಂಡೆವು, ಅವಳಿಗೆ ಗೊತ್ತಿಲ್ಲದ್ದು ನಮಗೂ ಗೊತ್ತಿಲ್ಲ. 'ಹೈ ಟೆನ್ಶನ್'ನಲ್ಲಿ ಹಾಗಲ್ಲ. ಅಲ್ಲಿ ವ್ಯಾನಿನ ಗಂಡಸನ್ನು ಮರೀಗಿಂತ ಮುಂಚೆ ನಮಗೆ ತೋರಿಸಿದರು, ಮೋಸ ಹೋದವರು ಟಿಕೆಟ್‌ಗೆ ದುಡ್ಡು ಕೊಟ್ಟ ನಾವು ಮಾತ್ರ. ಮೊದಲ ಅರ್ಧ ಗಂಟೆ ನಿಧಾನ ಇದೆ. ಅಜ್ಜಿ ತಾತ ಇದ್ದರೂ ಆರಾಮಾಗಿ ಹಾಕಬಹುದು, ಕೊನೆಯ ಹತ್ತು ನಿಮಿಷ ಮಾತ್ರ ಅವರ ಬಿಪಿ ಕಡೆ ಸ್ವಲ್ಪ ಗಮನ ಇರಲಿ.

ಹೊಸದು ಸ್ಪೇನಿನ 'ಕೊಂತ್ರಾತಿಯೆಂಪೊ', 'ದಿ ಇನ್‌ವಿಸಿಬಲ್ ಗೆಸ್ಟ್' ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. 2016, ನಿರ್ದೇಶಕ ಓರಿಯೋಲ್ ಪಾವ್ಲೊ. ಒಳಗಿನಿಂದ ಚಿಲಕ ಹಾಕಿದ ಹೋಟೆಲ್ ರೂಮು, ಒಳಗೆ ಹೆಣ, ಪಕ್ಕದಲ್ಲಿ ಒಬ್ಬ ಶ್ರೀಮಂತ ವ್ಯಾಪಾರಿ. ಕೋರ್ಟಿಗೆ ಹೋಗುವ ಮುಂಚೆ ಒಬ್ಬ ಹೆಂಗಸು, ವಕೀಲೆ, ಅವನಿಂದ ಕಥೆ ಕೇಳುತ್ತಾಳೆ. ಅವನು ಹೇಳುತ್ತಾನೆ, ಅವಳು ನಂಬುವುದಿಲ್ಲ, ಇನ್ನೊಂದು ಥರ ಹೇಳುತ್ತಾನೆ. ಗಮನಿಸಿ, ಇಲ್ಲೂ ಪರದೆ ಮೇಲೆ ಸುಳ್ಳು ತೋರಿಸುತ್ತಾರೆ. ಆದರೆ ಇದು ಒಬ್ಬ ಆರೋಪಿ ತನ್ನ ಬಾಯಾರೆ ಹೇಳುತ್ತಿರುವುದು ಅಂತ ಮೊದಲೇ ಗೊತ್ತಿದೆ, ನಂಬೋದು ಬಿಡೋದು ನಮ್ಮ ಪಾಡು. ಸುಳ್ಳು ಹೇಳುವ ಕ್ಯಾಮೆರಾ ಬಗ್ಗೆ ನನಗೆ ತಕರಾರಿಲ್ಲ, ಯಾರ ಬಾಯಿಂದ ಸುಳ್ಳು ಅನ್ನುವುದು ಗೊತ್ತಿರಬೇಕು ಅಷ್ಟೇ.

ಇಲ್ಲೊಂದು ತೊಡಕಿದೆ. ತಾಪ್ಸಿ ಪನ್ನು, ಅಮಿತಾಭ್ ಬಚ್ಚನ್ ಇರುವ ಹಿಂದಿಯ 'ಬದ್ಲಾ' ನೋಡಿದ್ದೀರಾ? ಹಾಗಾದರೆ ಇದನ್ನು ನೋಡಿದಂತೆಯೇ. ಗಂಡು ಹೆಣ್ಣಿನ ಪಾತ್ರ ಅದಲು ಬದಲು ಮಾಡಿದ್ದಾರೆ, ಗುಟ್ಟು ಅದೇ. ಅಡಿವಿ ಶೇಷ್ ಅವರ ತೆಲುಗು 'ಎವರು' ಕೂಡ ಇಲ್ಲಿಂದಲೇ ಬಂದದ್ದು, ಅದು ಇನ್ನಷ್ಟು ಬದಲಾಯಿಸಿಕೊಂಡಿದೆ. ಎರಡೂ 2019ರವು. ಪಾವ್ಲೊ ಅವರ ಹಿಂದಿನ ಸಿನಿಮಾ, 2012ರ 'ಎಲ್ ಕ್ವೆರ್ಪೊ', ಶವಾಗಾರದಿಂದ ಹೆಂಗಸಿನ ಹೆಣ ಮಾಯವಾಗುವ ಕಥೆ. 2016ರಲ್ಲಿ ಎ.ಎಂ.ಆರ್. ರಮೇಶ್ ಕನ್ನಡದಲ್ಲಿ ಅರ್ಜುನ್ ಸರ್ಜಾ, ಮನೀಷಾ ಕೊಯಿರಾಲಾ ಅವರನ್ನಿಟ್ಟುಕೊಂಡು ಮಾಡಿದ 'ಗೇಮ್' ಅದರ ಮೇಲೇ ನಿಂತಿದ್ದು. ಒಟ್ಟಿನಲ್ಲಿ ಈ ಒಬ್ಬ ಸ್ಪ್ಯಾನಿಷ್ ನಿರ್ದೇಶಕರ ಕಥೆಗಳು ನಮ್ಮ ಕಡೆ ಅದೆಷ್ಟು ಓಡಾಡಿವೆ ಅಂದರೆ, ಗೊತ್ತಿಲ್ಲದೇ ಯಾವುದೋ ಒಂದನ್ನು ನೀವು ಆಗಲೇ ನೋಡಿರುತ್ತೀರಿ.

ನೋಡಿಲ್ಲದಿದ್ದರೆ, ಸಬ್‌ಟೈಟಲ್ ಅಂದರೆ ಮುಖ ಸಿಂಡರಿಸುವ ನೆಂಟರಿಗೆ ಮೊದಲು ತೋರಿಸಬೇಕಾದದ್ದು ಇದು. ಓಟ ಜೋರಾಗಿದೆ, ಎಲ್ಲ ಗಂಟೂ ಬಿಚ್ಚಿ ಕೈಗೆ ಕೊಡುತ್ತದೆ. ಸ್ವಲ್ಪ ಜಾಸ್ತಿಯೇ ಬಿಚ್ಚುತ್ತದೆ ಅಂತ ನನ್ನ ತಕರಾರು. ಕಾಕತಾಳೀಯಗಳೂ ಒಂದೆರಡು ಜಾಸ್ತಿ. ಮನಸ್ಸಿನಲ್ಲಿ ಉಳಿಯುವ ಸಿನಿಮಾ ಅಲ್ಲ, ಆ ಎರಡು ಗಂಟೆ ಅಲ್ಲಾಡದೆ ಕೂರಿಸುವ ಸಿನಿಮಾ.

ಇನ್ನು ಬೇಗ ಬೇಗ ಎರಡು

'ಗುಡ್‌ನೈಟ್ ಮಮ್ಮಿ', ಆಸ್ಟ್ರಿಯಾ, 2014, ವೆರೋನಿಕಾ ಫ್ರಾನ್ಜ್ ಮತ್ತು ಸೆವೆರಿನ್ ಫಿಯಾಲಾ ಸೇರಿ ಮಾಡಿದ್ದು. ಮುಖಕ್ಕೆಲ್ಲ ಬ್ಯಾಂಡೇಜ್ ಸುತ್ತಿಕೊಂಡು ಅಮ್ಮ ಮನೆಗೆ ಬರುತ್ತಾಳೆ, ಅವಳಿ ಗಂಡು ಮಕ್ಕಳಿಗೆ ಇವಳು ನಮ್ಮಮ್ಮ ಅಲ್ಲ ಅನ್ನುವ ಅನುಮಾನ. ಥ್ರಿಲ್ಲರ್ ನೋಡಿ ಪಳಗಿದವರು ಅರ್ಧ ಗಂಟೆಯೊಳಗೆ ಗುಟ್ಟು ಊಹಿಸುತ್ತಾರೆ. ಊಹಿಸಿದರೂ ಸಿನಿಮಾ ಕೆಡುವುದಿಲ್ಲ, ಗೊತ್ತಿದ್ದು ನೋಡುವಾಗ ಹಿಂಸೆ ಇನ್ನೂ ಜಾಸ್ತಿ. ಮಕ್ಕಳು ಅಮ್ಮನಿಗೆ ಮಾಡುವುದನ್ನು ನೋಡೋಕೆ ಆಗುವುದಿಲ್ಲ, ಚಿಕ್ಕ ಮಕ್ಕಳಿರುವ ಅಪ್ಪ ಅಮ್ಮಂದಿರು ಬಿಟ್ಟುಬಿಡಿ. 2022ರಲ್ಲಿ ನೇಯೋಮಿ ವಾಟ್ಸ್ ಇರುವ ಇಂಗ್ಲಿಷ್ ರೂಪ ಬಂತು, ಅದು ಹಲ್ಲು ಕಿತ್ತ ಹಾವು.

'ಕಾಶೆ', 2005, ಮಿಕಾಯೆಲ್ ಹಾನೆಕೆ. ಇದಕ್ಕೆ ಕಾನ್ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಬಂದಿದೆ. ಪ್ಯಾರಿಸ್‌ನ ಓದಿಕೊಂಡ ದಂಪತಿ, ಗಂಡ ಟಿವಿಯಲ್ಲಿ ಪುಸ್ತಕದ ಕಾರ್ಯಕ್ರಮ ನಡೆಸುತ್ತಾನೆ. ಅವರ ಮನೆಯನ್ನೇ ಗಂಟೆಗಟ್ಟಲೆ ಶೂಟ್ ಮಾಡಿದ ವಿಡಿಯೊ ಟೇಪುಗಳನ್ನು ಯಾರೋ ಬಾಗಿಲಿಗೆ ತಂದಿಡುತ್ತಾರೆ. ಯಾರು? ಎಚ್ಚರ: ಈ ಪ್ರಶ್ನೆಗೆ ಉತ್ತರ ಬೇಕೇ ಬೇಕು ಅನ್ನುವವರಿಗೆ ಇದು 'ಹೈ ಟೆನ್ಶನ್'ಗಿಂತ ದೊಡ್ಡ ನಿರಾಸೆ. ಸಿನಿಮಾಕ್ಕೆ ಅದರಲ್ಲಿ ಆಸಕ್ತಿಯೇ ಇಲ್ಲ. ಅದರ ಕಣ್ಣಿರುವುದು ಆ ಗಂಡ ಚಿಕ್ಕವನಿದ್ದಾಗ ಒಬ್ಬ ಅಲ್ಜೀರಿಯಾದ ಹುಡುಗನಿಗೆ ಮಾಡಿದ್ದರ ಮೇಲೆ, ಅದರ ಹಿಂದೆ 1961ರ ಅಕ್ಟೋಬರ್ 17ರ ಮೇಲೆ. ಆ ರಾತ್ರಿ ಪ್ಯಾರಿಸ್‌ನಲ್ಲಿ ಮೆರವಣಿಗೆ ಹೊರಟ ಅಲ್ಜೀರಿಯನ್ನರ ಮೇಲೆ ಪೊಲೀಸರು ಬಿದ್ದರು, ಎಷ್ಟೋ ಜನರನ್ನು ಕೊಂದರು, ಹೆಣಗಳು ಸೇನ್ ನದಿಯಲ್ಲಿ ಸಿಕ್ಕವು. ದಶಕಗಳ ಕಾಲ ಫ್ರಾನ್ಸ್ ಅದರ ಬಗ್ಗೆ ಬಾಯಿ ಬಿಡಲಿಲ್ಲ. ಇಷ್ಟು ತಿಳಿದುಕೊಂಡು ನೋಡಿದರೆ ಸಿನಿಮಾ ತೆರೆದುಕೊಳ್ಳುತ್ತದೆ. ಸಂಗೀತ ಇಲ್ಲ, ಅಲ್ಲಾಡದ ಉದ್ದುದ್ದ ಶಾಟುಗಳು. ಒಂದು ಕೋಳಿ ಕತ್ತರಿಸುವ ದೃಶ್ಯ, ಆಮೇಲೆ ಅದಕ್ಕಿಂತ ಭಯಂಕರವಾದ ಇನ್ನೊಂದು, ಯಾವ ಸೂಚನೆಯೂ ಇಲ್ಲದೆ ಬರುತ್ತದೆ. ಒಬ್ಬರೇ ಕೂತು, ಫೋನ್ ಆಚೆ ಇಟ್ಟು ನೋಡುವುದಾದರೆ ಮಾತ್ರ ಕೈ ಹಾಕಿ.

ಸರಿ, ಯಾರಿಗೆ ಯಾವುದು?

ಗೆಳೆಯರ ಗುಂಪು, ರಕ್ತ ಅಂದರೆ ಯಾರಿಗೂ ಅಭ್ಯಂತರವಿಲ್ಲ, ಮುಗಿದ ಮೇಲೆ ಬೈದುಕೊಂಡು ನಗೋದೇ ಅರ್ಧ ಮಜಾ ಅನ್ನುವವರು 'ಹೈ ಟೆನ್ಶನ್' ಹಾಕಿಕೊಳ್ಳಿ, ಖುಷಿ ಪಡುತ್ತೀರಿ. ನಾನು ಅದನ್ನು ನೋಡಲೇಬೇಡಿ ಅನ್ನುವುದಿಲ್ಲ. ಸದ್ದನ್ನು ಹೇಗೆ ಬಳಸಬೇಕು ಅಂತ ಕಲಿಯುವ ಶಾರ್ಟ್ ಫಿಲ್ಮ್ ಹುಡುಗರಂತೂ ಮೊದಲ ಒಂದು ಗಂಟೆಯನ್ನು ಪಾಠದ ಹಾಗೆ ನೋಡಬೇಕು. ಟ್ವಿಸ್ಟಿಗಾಗಿ ಬಂದವರು ಕೊರಿಯಾಕ್ಕೆ ಹೋಗಿ. ನಿದ್ದೆ ಕೆಟ್ಟರೂ ಪರವಾಗಿಲ್ಲ, ನಿಜವಾಗಿ ಹೆದರಿಕೆ ಆಗಬೇಕು ಅನ್ನುವವರಿಗೆ 'ಸ್ಪೋರ್ಲೋಸ್', ಇದರಲ್ಲಿ ನನಗೆ ಎರಡನೇ ಮಾತೇ ಇಲ್ಲ. ಅಪ್ಪ ಅಮ್ಮ ಜೊತೆಯಲ್ಲಿದ್ದರೆ 'ಲೆ ದಿಯಾಬೊಲೀಕ್'. ಒಂದೇ ರಾತ್ರಿ ಎರಡು ನೋಡುವ ಧೈರ್ಯವಿದ್ದರೆ ಮೊದಲು ಹಳೆಯದು, ಆಮೇಲೆ ಸ್ಪೇನಿನದ್ದು, ಈ ಕ್ರಮ ತಪ್ಪಿಸಬೇಡಿ, ಓಟದ ಸಿನಿಮಾ ಆದ ಮೇಲೆ ನಿಧಾನದ್ದು ಹಾಕಿದರೆ ಅರ್ಧ ಜನ ಗೊರಕೆ ಹೊಡೆಯುತ್ತಾರೆ.

'ಹೈ ಟೆನ್ಶನ್' ಅಂತ ತೀರ್ಮಾನ ಮಾಡಿದವರಿಗೆ ಎರಡು ಮಾತು. 2005ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಪ್ರತಿಯಲ್ಲಿ ಅರ್ಧ ಮಾತಿಗೆ ಇಂಗ್ಲಿಷ್ ಡಬ್ಬಿಂಗ್ ಮಾಡಿ, ಇನ್ನರ್ಧ ಫ್ರೆಂಚಿನಲ್ಲೇ ಬಿಟ್ಟಿದ್ದಾರೆ, ಕೆಲವು ಕಡೆ ಕತ್ತರಿಯನ್ನೂ ಆಡಿಸಿದ್ದಾರೆ. ಅದನ್ನು ಮುಟ್ಟಬೇಡಿ, ಆಡಿಯೊ ಫ್ರೆಂಚ್‌ಗೆ ಇಟ್ಟು ಸಬ್‌ಟೈಟಲ್ ಹಾಕಿಕೊಳ್ಳಿ. ಇನ್ನೊಂದು, ಇಂಗ್ಲೆಂಡಿನಲ್ಲಿ ಇದೇ ಸಿನಿಮಾ 'ಸ್ವಿಚ್‌ಬ್ಲೇಡ್ ರೊಮಾನ್ಸ್' ಅನ್ನುವ ಹೆಸರಲ್ಲಿ ಬಂದಿದೆ. ಬೇರೆ ಯಾವುದೋ ಹೊಸ ಫ್ರೆಂಚ್ ಥ್ರಿಲ್ಲರ್ ಅಂದುಕೊಂಡು ಅದಕ್ಕೂ ದುಡ್ಡು ಕೊಟ್ಟು ಬಾಡಿಗೆಗೆ ತೆಗೆದುಕೊಂಡೀರಿ.